ನಮ್ಮೂರ ಕೋರ್ಟಿನ ನ್ಯಾಯಾಧೀಶರು ಎಲ್ಲಿಂದ ಬರುತ್ತಾರೆ?



ಕಾಸರಗೋಡಾಗಲಿ, ಹೊಸೂರಾಗಲಿ, ಅಕ್ಕಲಕೋಟೆಯಾಗಲಿ, ಜಮೀನಿನ ದಾವೆಗೋ ಸಾಕ್ಷಿ ಹೇಳುವುದಕ್ಕೋ ಕೋರ್ಟಿಗೆ ಹೊರಟ ನಮ್ಮವರು ಮೊದಲು ಕೇಳುವುದು ಇದನ್ನೇ: "ಈಗಿನ ಜಡ್ಜ್‌ಗೆ ಕನ್ನಡ ಬರುತ್ತದೆಯೇ?" ಪ್ರತಿ ವರ್ಗಾವಣೆಗೂ ಇದರ ಉತ್ತರ ಬದಲಾಗುತ್ತದೆ. ಅವರ ನೇಮಕ ಇಡೀ ರಾಜ್ಯಕ್ಕೆ ಆಗುವುದೇ ಹೊರತು ನಮ್ಮೂರಿಗಲ್ಲ. ನೇಮಕಾತಿ ಆದೇಶ ರಾಜ್ಯಪಾಲರದ್ದು. ವರ್ಗಾವಣೆ, ಶಿಸ್ತು ಎಲ್ಲವೂ ಹೈಕೋರ್ಟಿನ ಕೈಯಲ್ಲಿ.

ಕೆಳಹಂತದಲ್ಲಿ ಇರುವವರು ಸಿವಿಲ್ ಜಡ್ಜ್. ನಮ್ಮ ಹಿರಿಯರ ಬಾಯಲ್ಲಿ ಅವರು ಇಂದಿಗೂ ಮುನ್ಸೀಫರೇ. ಕೇರಳ, ಆಂಧ್ರ, ತೆಲಂಗಾಣದಲ್ಲಿ ಇವರ ಆಯ್ಕೆ ಪರೀಕ್ಷೆಯನ್ನು ಹೈಕೋರ್ಟೇ ನಡೆಸುತ್ತದೆ. ಮಹಾರಾಷ್ಟ್ರ, ತಮಿಳುನಾಡಿನಲ್ಲಿ ಲೋಕಸೇವಾ ಆಯೋಗ. ಮೊದಲು ಕಾನೂನು ಕಾಲೇಜಿನಿಂದ ನೇರವಾಗಿ ಬಂದು ಪರೀಕ್ಷೆ ಬರೆದವರೂ ಇದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕನಿಷ್ಠ 3 ವರ್ಷದ ವಕೀಲಿಯನ್ನು ಮತ್ತೆ ಕಡ್ಡಾಯ ಮಾಡಿತು. ಇದು ಒಳ್ಳೆಯದೇ ಎಂದು ನಮಗನ್ನಿಸುತ್ತದೆ, ಆದರೆ ಆ 3 ವರ್ಷ ಮನೆಯಿಂದ ಖರ್ಚು ಕೊಡುವ ತಾಯಿತಂದೆಯರಿಗೆ ಅದರ ಭಾರ ಗೊತ್ತು.

ಜಿಲ್ಲಾ ನ್ಯಾಯಾಧೀಶರ ಹುದ್ದೆಗೆ ಬರುವ ದಾರಿಗಳು ಬೇರೆ. ಅರ್ಧದಷ್ಟು ಹುದ್ದೆ ಬಡ್ತಿಯಿಂದ, ಶೇ. 25 ಸೇವೆಯಲ್ಲಿರುವವರಿಗೇ ನಡೆಸುವ ಸ್ಪರ್ಧಾ ಪರೀಕ್ಷೆಯಿಂದ, ಉಳಿದ ಶೇ. 25 ನೇರ ನೇಮಕಾತಿಯಿಂದ ತುಂಬುತ್ತವೆ. ನೇರ ನೇಮಕಾತಿಗೆ ವಕೀಲರಿಗೆ 7 ವರ್ಷದ ಅನುಭವ ಬೇಕು. ನಮ್ಮ ಗಡಿಯೂರಿನ ಬಾರ್‌ನಿಂದ ಎಷ್ಟು ಎತ್ತರಕ್ಕೆ ಏರಬಹುದು ಎನ್ನುವುದಕ್ಕೆ ಯು. ಎಲ್. ಭಟ್ ಅವರನ್ನು ನೋಡಿ. ಕಾಸರಗೋಡಿನಲ್ಲಿ ವಕೀಲರಾಗಿದ್ದವರು ಕೇರಳ ಹೈಕೋರ್ಟಿನ ನ್ಯಾಯಮೂರ್ತಿಗಳಾದರು, ಮುಂದೆ ಗುವಾಹಟಿ ಮತ್ತು ಮಧ್ಯಪ್ರದೇಶ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಗಳಾದರು.

ನಮ್ಮ ಮಕ್ಕಳು ಎಡವುವುದು ಹೆಚ್ಚಾಗಿ ಭಾಷೆಯಲ್ಲಿ. ತಮಿಳುನಾಡಿನ ಪರೀಕ್ಷೆಯಲ್ಲಿ ತಮಿಳು ದಾಖಲೆಗಳನ್ನು ಇಂಗ್ಲಿಷಿಗೆ, ಇಂಗ್ಲಿಷಿನವನ್ನು ತಮಿಳಿಗೆ ತರುವ ಅನುವಾದ ಪತ್ರಿಕೆಯೇ ಇದೆ. ಮಹಾರಾಷ್ಟ್ರದಲ್ಲಿ ಮರಾಠಿಯನ್ನು ಸರಾಗವಾಗಿ ಮಾತಾಡಿ, ಓದಿ, ಬರೆಯಬೇಕು. ಕನ್ನಡ ಶಾಲೆಯಲ್ಲಿ ಓದಿದವರಿಗೆ ಪೇಟೆಯ ಮಾತು ಬರುತ್ತದೆ, ದಸ್ತಾವೇಜಿನ ಭಾಷೆ ಬರುವುದಿಲ್ಲ. ಕನ್ನಡ ಬಿಡಬೇಕಿಲ್ಲ, ಕಾನೂನು ಕಾಲೇಜಿಗೆ ಸೇರಿದ ದಿನದಿಂದಲೇ ರಾಜ್ಯದ ಭಾಷೆಯ ಕ್ರಯಪತ್ರ, ಹೇಳಿಕೆ, ತೀರ್ಪುಗಳನ್ನು ಓದುವ ರೂಢಿ ಇಟ್ಟುಕೊಂಡರೆ ಸಾಕು. ಆಮೇಲೆ ಎರಡೂ ಭಾಷೆ ಬಲ್ಲ ಜಡ್ಜ್ ಎಂದರೆ ಗಡಿನಾಡಿನ ಕೋರ್ಟಿಗೆ ದೊಡ್ಡ ಉಪಕಾರ.

ಅಲ್ಲಿಯವರೆಗೆ ಕನ್ನಡ ಬಾರದ ನ್ಯಾಯಾಧೀಶರ ಮುಂದೆ ನಿಂತವರು ಏನು ಮಾಡಬೇಕು? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 312ನೇ ಕಲಮಿನಂತೆ, ಕ್ರಿಮಿನಲ್ ಕೇಸಿನ ಸಾಕ್ಷಿ ಕನ್ನಡದಲ್ಲಿ ಹೇಳಿದರೆ, ಸಾಧ್ಯವಿದ್ದಲ್ಲಿ ಕನ್ನಡದಲ್ಲೇ ಬರೆದುಕೊಳ್ಳಬಹುದು. ಇಲ್ಲವಾದರೆ ಆಗಲೇ ಕೋರ್ಟಿನ ಭಾಷೆಗೆ ಸರಿಯಾದ ಅನುವಾದ ಆಗಬೇಕು. ವಾರಂಟ್ ಮತ್ತು ಸೆಷನ್ಸ್ ಕೇಸುಗಳಲ್ಲಿ ಬರೆದುಕೊಂಡಿದ್ದನ್ನು ಸಾಕ್ಷಿಗೆ ಓದಿ ಹೇಳಬೇಕು. ಆ ಭಾಷೆ ಅರ್ಥವಾಗದಿದ್ದರೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು ಎಂದು 313ನೇ ಕಲಮು ಹೇಳುತ್ತದೆ. ತಪ್ಪು ಕಂಡರೆ ಅಲ್ಲೇ ಆಕ್ಷೇಪ ಎತ್ತಬಹುದು. ನಮ್ಮವರು ಹಲವರು ಸಂಕೋಚದಿಂದ ತಲೆಯಾಡಿಸಿ ಸಹಿ ಹಾಕಿ ಬರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. "ಕನ್ನಡದಲ್ಲಿ ಓದಿ ಹೇಳಿಸಿ" ಎಂದು ನಿಮ್ಮ ವಕೀಲರಿಗೆ ಮೊದಲೇ ತಿಳಿಸಿಡಿ.