ದೀಕ್ಷಾಸ್ನಾನದ ಪತ್ರ ಸ್ವರ್ಗದ ರಹದಾರಿಯೇ?

ಮದುವೆಯ ಮಾತುಕತೆ ಮುಗಿದೊಡನೆ ನಾವು ದೀಕ್ಷಾಸ್ನಾನದ ಪತ್ರಕ್ಕಾಗಿ ಗುರುಗಳ ಬಳಿ ಓಡುತ್ತೇವೆ. ಹಳೆಯ ರಿಜಿಸ್ಟರಿನಲ್ಲಿ ನಮ್ಮ ಹೆಸರು, ತಂದೆತಾಯಿಯ ಹೆಸರು, ತಾರೀಖು ಸಿಕ್ಕಿದರೆ ನೆಮ್ಮದಿ. ಆದರೆ ನಮ್ಮ ಆತ್ಮದ ವಿಷಯದಲ್ಲೂ ಆ ಪತ್ರವನ್ನೇ ನಂಬಿ ಕುಳಿತಿದ್ದೇವೆಯೇ? “ನಮಗೆ ದೀಕ್ಷಾಸ್ನಾನವಾಗಿದೆ, ಇನ್ನೇನು ಭಯ?” ಎಂದುಕೊಂಡಿದ್ದೇವೆಯೇ?

ನಾಲ್ಕನೆಯ ಶತಮಾನದಲ್ಲಿ ಇದರ ವಿರುದ್ಧವಾದ ತಪ್ಪು ನಡೆಯುತ್ತಿತ್ತು. ದೀಕ್ಷಾಸ್ನಾನ ಎಲ್ಲ ಪಾಪಗಳನ್ನೂ ತೊಳೆಯುತ್ತದೆಂದು ನಂಬಿ, ಅನೇಕರು ಅದನ್ನೇ ಮುಂದೂಡುತ್ತಿದ್ದರು. ಚಕ್ರವರ್ತಿ ಕಾನ್‌ಸ್ಟಂಟೈನನು ದೀಕ್ಷಾಸ್ನಾನ ಪಡೆದದ್ದು 337ರಲ್ಲಿ, ಮರಣದ ಹೊತ್ತಿಗೆ. ಸಂತ ಅಗಸ್ಟೀನರು ಬಾಲ್ಯದಲ್ಲಿ ಕಾಯಿಲೆ ಬಿದ್ದಾಗ ಸಿದ್ಧತೆ ನಡೆಯಿತು. ಗುಣವಾದೊಡನೆ ಅದು ನಿಂತುಹೋಯಿತು. ಕೊನೆಗೆ 387ರ ಪಾಸ್ಖ ಹಬ್ಬದಲ್ಲಿ ಮಿಲಾನಿನಲ್ಲಿ ಸಂತ ಅಂಬ್ರೋಸರು ಅವರಿಗೆ ದೀಕ್ಷಾಸ್ನಾನ ನೀಡಿದರು. ಅಂದಿನವರು “ಇನ್ನೂ ಆಗಿಲ್ಲ” ಎಂದು ಪಶ್ಚಾತ್ತಾಪವನ್ನು ಮುಂದಕ್ಕೆ ಹಾಕಿದರು. ನಾವು “ಆಗಿಹೋಗಿದೆ” ಎಂದು ಅದನ್ನೇ ಮರೆಯುತ್ತೇವೆ.

ದೀಕ್ಷಾಸ್ನಾನದ ಮುದ್ರೆ ಎಂದಿಗೂ ಅಳಿಯದು; ಆದ್ದರಿಂದಲೇ ಅದನ್ನು ಎರಡನೆಯ ಸಲ ಕೊಡುವುದಿಲ್ಲ. ಆದರೆ ಧರ್ಮಸಭೆಯೊಳಗಿದ್ದೂ ಪ್ರೀತಿಯಲ್ಲಿ ನೆಲೆಗೊಳ್ಳದವನು ರಕ್ಷಣೆ ಹೊಂದನೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮನಸ್ಸು ತಿರುಗದೆ ಕ್ಷಮೆ ಮಾತ್ರ ಸಿಗಲೆಂದು ನಿರೀಕ್ಷಿಸುವುದು ದೇವರ ಕರುಣೆಯನ್ನೇ ದುರುಪಯೋಗಪಡಿಸಿಕೊಂಡಂತೆ.

ಅಬ್ರಹಾಮನ ವಂಶದವರೆಂಬ ಹೆಮ್ಮೆ ಸಾಲದು, ಪಶ್ಚಾತ್ತಾಪಕ್ಕೆ ತಕ್ಕ ಫಲ ಬೇಕೆಂದು ಸ್ನಾನಿಕ ಯೊವಾನ್ನನು ಎಚ್ಚರಿಸಿದ. ಜನ ಏನು ಮಾಡಬೇಕೆಂದು ಕೇಳಿದಾಗ ಎಷ್ಟು ಸರಳ ಉತ್ತರ! ಎರಡು ಅಂಗಿಯಿದ್ದವನು ಒಂದನ್ನು ಕೊಡಲಿ. ಸುಂಕದವನು ಹೆಚ್ಚು ವಸೂಲಿ ಮಾಡದಿರಲಿ. ಸೈನಿಕನು ಯಾರನ್ನೂ ಬೆದರಿಸಿ ಹಣ ಕೀಳದಿರಲಿ (ಲೂಕ 3:8-14).

ಈ ಮಾತು ನಮಗೂ ತಾಗಿತು. ವರ್ಷ ವರ್ಷವೂ ತಪಸ್ಸುಕಾಲದಲ್ಲಿ ಪಾಪನಿವೇದನೆ ಮಾಡುತ್ತಿದ್ದೆವು. ಕೋಪ ಬಂತು, ಪೂಜೆ ತಪ್ಪಿತು ಎಂದು ಅದೇ ಪಟ್ಟಿ ಒಪ್ಪಿಸುತ್ತಿದ್ದೆವು. ತವರಿನ ಪಾಲು ಕೇಳಿದ ತಂಗಿಯೊಡನೆ ಮಾತು ಬಿಟ್ಟದ್ದು ಮಾತ್ರ ಆ ಪಟ್ಟಿಯಲ್ಲಿ ಇರಲೇ ಇಲ್ಲ. ಅವಳಿಗೂ ನಮಗೂ ಒಂದೇ ದೇವಾಲಯದಲ್ಲಿ ದೀಕ್ಷಾಸ್ನಾನವಾಗಿತ್ತು. ಅವಳ ಮನೆ ಬಾಗಿಲು ತಟ್ಟಿದ ದಿನವೇ ನಮ್ಮ ಪಶ್ಚಾತ್ತಾಪ ನಿಜವಾಗಿ ಆರಂಭವಾಯಿತು.

ಹಾಗಾದರೆ ಸದಾ ಹೆದರುತ್ತಲೇ ಬಾಳಬೇಕೆ? ಬೇಡ. “ನಿಮಗೆ ರಕ್ಷಣೆಯಾಗಿದೆಯೇ?” ಎಂದು ದಾರಿಯಲ್ಲಿ ಯಾರಾದರೂ ಕೇಳಿದರೆ ತಬ್ಬಿಬ್ಬಾಗುವುದೂ ಬೇಡ. 1431ರ ವಿಚಾರಣೆಯಲ್ಲಿ, ದೇವರ ಕೃಪೆಯಲ್ಲಿರುವೆಯಾ ಎಂದು ಸಂತ ಜೋನ್ ಆಫ್ ಆರ್ಕ್‌ಗೆ ನ್ಯಾಯಾಧಿಕಾರಿಗಳು ಕೇಳಿದರು. ಕೃಪೆಯಲ್ಲಿ ಇಲ್ಲದಿದ್ದರೆ ದೇವರು ಸೇರಿಸಲಿ, ಇದ್ದರೆ ಕಾಪಾಡಲಿ ಎಂದಳು ಆ ಹಳ್ಳಿಯ ಹುಡುಗಿ. ಅವಳ ಮಾತಿನಲ್ಲಿ ಗರ್ವವೂ ಇಲ್ಲ, ಹತಾಶೆಯೂ ಇಲ್ಲ. ದೇವರ ಮೇಲಿನ ಭರವಸೆ ಮಾತ್ರ ಇದೆ.

ಪಾಸ್ಖ ಜಾಗರಣೆಯ ರಾತ್ರಿ ಮೇಣದಬತ್ತಿ ಹಿಡಿದು ನಾವು ದೀಕ್ಷಾಸ್ನಾನದ ವಾಗ್ದಾನಗಳನ್ನು ನವೀಕರಿಸುತ್ತೇವೆ. ಪ್ರಿಯ ಕುಟುಂಬಗಳೇ, ಆ ರಾತ್ರಿಗಾಗಿ ಕಾಯಬೇಕಿಲ್ಲ. ಇಂದೇ ಸಂಜೆಯ ಜಪಸರದ ನಂತರ ಒಂದು ಪ್ರಶ್ನೆ ಕೇಳಿಕೊಳ್ಳೋಣ: ನಾವು ಯಾರ ಬಾಗಿಲು ತಟ್ಟಬೇಕಾಗಿದೆ?