ಗಾಮಾ ಕಿರಣ ಸ್ಫೋಟಗಳು: ನೆಲೆಯ ಶೋಧ

ಇರುಳಿನ ಆಕಾಶವು ಬರಿಗಣ್ಣಿಗೆ ಪ್ರಶಾಂತವಾಗಿ ತೋರುತ್ತದೆ. ಆದರೆ ಗಾಮಾ ಕಿರಣಗಳನ್ನು ಗ್ರಹಿಸಬಲ್ಲ ಉಪಕರಣಗಳಿಗೆ ಸುಮಾರು ದಿನಕ್ಕೊಮ್ಮೆ ಅದರ ಯಾವುದೋ ಮೂಲೆಯಲ್ಲಿ ಪ್ರಖರವಾದ ಮಿಂಚೊಂದು ಗೋಚರಿಸುತ್ತದೆ. ಕೆಲವು ಮಿಂಚುಗಳು ಒಂದು ಸೆಕೆಂಡೂ ಬಾಳುವುದಿಲ್ಲ; ಕೆಲವು ನಿಮಿಷಗಟ್ಟಲೆ ಉಳಿಯುತ್ತವೆ. ಇವೇ ಗಾಮಾ ಕಿರಣ ಸ್ಫೋಟಗಳು. ಇವು ಬಂದ ದಿಕ್ಕನ್ನು, ಬೆಳಕು ಪೂರ್ಣವಾಗಿ ಆರಿಹೋಗುವ ಮುನ್ನ ನಿಖರವಾಗಿ ಗೊತ್ತುಪಡಿಸುವುದೇ ಖಗೋಳ ವಿಜ್ಞಾನಿಗಳನ್ನು ದೀರ್ಘಕಾಲ ಕಾಡಿದ ಸಮಸ್ಯೆ.

ಭೂಮಿಯ ವಾತಾವರಣವು ಈ ಕಿರಣಗಳನ್ನು ಹೀರಿಕೊಳ್ಳುತ್ತದೆ. ಜೀವಕೋಟಿಗೆ ಇದೊಂದು ರಕ್ಷಣೆಯಾದರೂ, ವೀಕ್ಷಣೆಗೆ ಉಪಗ್ರಹಗಳು ಅನಿವಾರ್ಯವಾಗುತ್ತವೆ. ಸ್ಫೋಟಗಳು ಮೊದಲು ಕಂಡುದು ಆಕಸ್ಮಿಕವಾಗಿ. ಬಾಹ್ಯಾಕಾಶದಲ್ಲಿ ಪರಮಾಣು ಪರೀಕ್ಷೆಗಳನ್ನು ನಿಷೇಧಿಸಿದ 1963ರ ಒಪ್ಪಂದದ ಪಾಲನೆಯನ್ನು ಗಮನಿಸಲು ಅಮೆರಿಕವು ವೇಲಾ ಎಂಬ ಉಪಗ್ರಹಗಳನ್ನು ನಿಯೋಜಿಸಿತ್ತು. 1967ರ ಜುಲೈ 2ರಂದು ಅವು ದಾಖಲಿಸಿದ ಮಿಂಚು ಬಾಂಬಿನದಾಗಿರಲಿಲ್ಲ. ಕಿರಣಗಳು ಬೇರೆ ಬೇರೆ ಉಪಗ್ರಹಗಳನ್ನು ತಲುಪಿದ ಕಾಲದಲ್ಲಿನ ಅತ್ಯಲ್ಪ ವ್ಯತ್ಯಾಸದಿಂದ ದಿಕ್ಕನ್ನು ಅಂದಾಜು ಮಾಡಿದ ಲಾಸ್ ಅಲಮಾಸ್ ಪ್ರಯೋಗಾಲಯದ ವಿಜ್ಞಾನಿಗಳು, ಇವುಗಳ ಮೂಲ ಭೂಮಿಯೂ ಅಲ್ಲ, ಸೂರ್ಯನೂ ಅಲ್ಲವೆಂದು ಅರಿತು, 16 ಸ್ಫೋಟಗಳ ವಿವರವನ್ನು 1973ರಲ್ಲಿ ಪ್ರಕಟಿಸಿದರು.

ಹಾಗಾದರೆ ಮೂಲವು ಎಷ್ಟು ದೂರದಲ್ಲಿದೆ? ಸಮೀಪದಲ್ಲಿದ್ದರೆ ಸ್ಫೋಟದ ಶಕ್ತಿ ಸಾಧಾರಣ; ಬಹುದೂರದಲ್ಲಿದ್ದರೆ ಅದು ಊಹೆಗೂ ಮೀರಿದ್ದು. 1991ರಿಂದ 2000ದವರೆಗೆ ಕಾರ್ಯನಿರ್ವಹಿಸಿದ ಕಾಂಪ್ಟನ್ ವೀಕ್ಷಣಾಲಯವು 2,704 ಸ್ಫೋಟಗಳನ್ನು ದಾಖಲಿಸಿತು. ಅವು ಆಕಾಶಗಂಗೆಯ ಪಟ್ಟಿಯಲ್ಲಿ ಗುಂಪುಗೂಡದೆ ಎಲ್ಲ ದಿಕ್ಕುಗಳಲ್ಲಿಯೂ ಸಮನಾಗಿ ಹರಡಿದ್ದವು. ಆದರೂ ಒಮ್ಮತ ಮೂಡಲಿಲ್ಲ. 1995ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಸಾರ್ವಜನಿಕ ಚರ್ಚೆಯಲ್ಲಿ ಬೋಹ್ದಾನ್ ಪಚಿನ್ಸ್ಕಿ ಅವರು ದೂರದ ಗೆಲಾಕ್ಸಿಗಳ ಪರವಾಗಿಯೂ, ಡೊನಾಲ್ಡ್ ಲ್ಯಾಂಬ್ ಅವರು ಆಕಾಶಗಂಗೆಯ ಹೊರವಲಯದ ಪರವಾಗಿಯೂ ವಾದಿಸಿದರು. ಒಂದೇ ಒಂದು ಸ್ಫೋಟದ ನಿಖರವಾದ ನೆಲೆ ಸಿಕ್ಕಿದ್ದರೆ ಸಾಕಿತ್ತು. ಕಾಂಪ್ಟನ್ ತೋರಿಸುತ್ತಿದ್ದುದಾದರೋ ಹುಣ್ಣಿಮೆಯ ಚಂದ್ರನಿಗಿಂತ ಹಲವು ಪಟ್ಟು ಅಗಲವಾದ ಪ್ರದೇಶವನ್ನು.

ಆ ನೆಲೆಯನ್ನು ಒದಗಿಸಿದುದು ಇಟಲಿ ಮತ್ತು ನೆದರ್ಲೆಂಡ್ಸ್ ದೇಶಗಳ ಬೆಪ್ಪೊಸ್ಯಾಕ್ಸ್ ಉಪಗ್ರಹ. 1997ರ ಫೆಬ್ರವರಿ 28ರಂದು ಸ್ಫೋಟವೊಂದನ್ನು ಗುರುತಿಸಿದ ಈ ಉಪಗ್ರಹವನ್ನು ಸುಮಾರು ಎಂಟು ಗಂಟೆಗಳಲ್ಲಿ ಅದೇ ದಿಕ್ಕಿಗೆ ತಿರುಗಿಸಲಾಯಿತು. ಅಲ್ಲಿ ಕ್ಷ-ಕಿರಣಗಳ ಮಂದವಾದ ಉಳಿಬೆಳಕು ಇನ್ನೂ ಇತ್ತು. ಒಂದು ದಿನ ಕಳೆಯುವುದರೊಳಗೆ ಲಾ ಪಾಲ್ಮಾ ದ್ವೀಪದ ದೂರದರ್ಶಕವು ಅಲ್ಲಿಯೇ ಕ್ಷೀಣಿಸುತ್ತಿದ್ದ ದೃಗ್ಗೋಚರ ಬೆಳಕನ್ನೂ ಚಿತ್ರಿಸಿತು. ಅದೇ ವರ್ಷದ ಮೇ 8ರ ಮತ್ತೊಂದು ಸ್ಫೋಟದ ಉಳಿಬೆಳಕನ್ನು ಹವಾಯಿಯ ಕೆಕ್ ದೂರದರ್ಶಕದಿಂದ ವಿಶ್ಲೇಷಿಸಿದಾಗ, ಆ ಬೆಳಕು ಕನಿಷ್ಠ 700 ಕೋಟಿ ವರ್ಷಗಳ ಕಾಲ ಪಯಣಿಸಿ ಬಂದಿತ್ತೆಂಬುದು ತಿಳಿಯಿತು. ವಾದವು ಅಲ್ಲಿಗೆ ಮುಗಿಯಿತು.

ಎಂಟು ಗಂಟೆಗಳೂ ಹೆಚ್ಚೆಂಬ ಭಾವನೆಯಿಂದ ರೂಪುಗೊಂಡುದು ಸ್ವಿಫ್ಟ್. 2004ರ ನವೆಂಬರ್ 20ರಂದು ಇದನ್ನು ಉಡಾಯಿಸಲಾಯಿತು. ಗಾಮಾ ಕಿರಣಗಳನ್ನು ಸಾಮಾನ್ಯ ಮಸೂರ, ದರ್ಪಣಗಳಿಂದ ಒಂದೆಡೆ ಸೇರಿಸಲಾಗದು. ಆದುದರಿಂದ ಇದರ ಗ್ರಾಹಕಗಳ ಮೇಲೆ, ಒಂದು ಮೀಟರ್ ಎತ್ತರದಲ್ಲಿ, 50,000ಕ್ಕೂ ಹೆಚ್ಚು ಸೀಸದ ಬಿಲ್ಲೆಗಳನ್ನು ಕ್ರಮವಿಲ್ಲದಂತೆ ಹರಡಿದ ಫಲಕವೊಂದನ್ನು ಅಳವಡಿಸಲಾಯಿತು. ದೇವಾಲಯದ ಜಾಲಂಧ್ರದ ನೆರಳು ನೆಲದ ಮೇಲೆ ಎಲ್ಲಿ ಬಿದ್ದಿದೆಯೆಂಬುದನ್ನು ನೋಡಿ ಸೂರ್ಯನಿರುವ ದಿಕ್ಕನ್ನು ಹೇಳಬಹುದಷ್ಟೆ. ಈ ಬಿಲ್ಲೆಗಳ ನೆರಳಿನಿಂದ ಉಪಗ್ರಹದ ಗಣಕಯಂತ್ರವು ಸ್ಫೋಟದ ದಿಕ್ಕನ್ನು ಲೆಕ್ಕ ಹಾಕುವುದೂ ಹಾಗೆಯೇ. ಬಳಿಕ ಯಾರ ಆಜ್ಞೆಗೂ ಕಾಯದೆ, ಒಂದೆರಡು ನಿಮಿಷಗಳಲ್ಲಿ, ಅದು ತನ್ನ ಕ್ಷ-ಕಿರಣ ಹಾಗೂ ಅತಿನೇರಳೆ ದೂರದರ್ಶಕಗಳನ್ನು ಆ ಕಡೆಗೆ ತಿರುಗಿಸುತ್ತಿತ್ತು. ಭೂಮಿಯ ವೀಕ್ಷಣಾಲಯಗಳಿಗೂ ಸುದ್ದಿ ರವಾನೆಯಾಗುತ್ತಿತ್ತು.

ಹೀಗೆ ಬೆನ್ನುಹತ್ತಿದುದರಿಂದ ಕಾರಣಗಳೂ ಸ್ಪಷ್ಟವಾದವು. ದೀರ್ಘ ಸ್ಫೋಟಗಳಲ್ಲಿ ಹೆಚ್ಚಿನವು ಬೃಹತ್ ನಕ್ಷತ್ರಗಳ ಕುಸಿತದಿಂದ ಉಂಟಾಗುತ್ತವೆ. 2003ರ ಮಾರ್ಚ್ 29ರ ಸ್ಫೋಟದ ಉಳಿಬೆಳಕಿನಲ್ಲಿ ಸೂಪರ್ನೋವಾದ ಗುರುತುಗಳು ಮೂಡಿದ್ದವು. ಎರಡು ಸೆಕೆಂಡಿಗೂ ಕಡಿಮೆ ಬಾಳುವ ಸ್ಫೋಟಗಳ ವಿಷಯದಲ್ಲಿ ನಿರ್ಣಾಯಕ ಸಾಕ್ಷ್ಯ ದೊರೆತುದು 2017ರ ಆಗಸ್ಟ್ 17ರಂದು. ಎರಡು ನ್ಯೂಟ್ರಾನ್ ನಕ್ಷತ್ರಗಳ ವಿಲೀನವನ್ನು ಸಾರುವ ಗುರುತ್ವ ತರಂಗಗಳು ಭೂಮಿಯನ್ನು ಮುಟ್ಟಿದ 1.7 ಸೆಕೆಂಡುಗಳಲ್ಲಿ ಫರ್ಮಿ ಉಪಗ್ರಹವು ಗಾಮಾ ಕಿರಣಗಳನ್ನು ಕಂಡಿತು. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರಲ್ಲಿ ಅದರ ಬೆಳಕನ್ನು ಚಿಲಿಯ ದೂರದರ್ಶಕವು ಹನ್ನೊಂದು ಗಂಟೆಗಳೊಳಗೆ ಹುಡುಕಿತು. ಚಿನ್ನ, ಪ್ಲಾಟಿನಂಗಳಂತಹ ಭಾರ ಧಾತುಗಳು ಇಂತಹ ವಿಲೀನಗಳಲ್ಲಿ ಹುಟ್ಟುತ್ತವೆಂಬ ವಾದಕ್ಕೆ ಆ ಬೆಳಕು ಬಲವಾದ ಆಧಾರವಾಯಿತು.

ಈ ಶೋಧದಲ್ಲಿ ಭಾರತದ ಪಾಲೂ ಇದೆ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಉಡಾವಣೆಗೊಂಡ ಆಸ್ಟ್ರೋಸ್ಯಾಟ್ ಉಪಗ್ರಹದ ಒಂದು ಉಪಕರಣವು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನೇತೃತ್ವದಲ್ಲಿ ಸಿದ್ಧವಾದುದು; 2022ರ ವೇಳೆಗೆ ಅದು 500 ಸ್ಫೋಟಗಳನ್ನು ದಾಖಲಿಸಿತ್ತು. ಉಳಿಬೆಳಕನ್ನು ಹಿಂಬಾಲಿಸುವ ಕಾರ್ಯ ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ ದೂರದರ್ಶಕಗಳದು. ಅವುಗಳಲ್ಲೊಂದಾದ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವವರು ಕುಳಿತಿರುವುದು ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿ. ಅವರ ಆದೇಶಗಳು ಹಾನ್ಲೆಯನ್ನು ತಲುಪುವುದು ಉಪಗ್ರಹ ಸಂಪರ್ಕದ ಮೂಲಕ.