ನಾಲ್ಕು ಬಡಾವಣೆ, ಒಂದು ನೋಟ್‌ಬುಕ್ಕು

ಮಲ್ಲೇಶ್ವರದ ಆ ಮನೆಗೆ ನಾವು ಬಾಡಿಗೆಗೆ ಬಂದು 26 ವರ್ಷವಾಗಿತ್ತು. ಮಗ ಎಸ್ಸೆಸ್ಸೆಲ್ಸಿ ಬರೆದದ್ದು ಅಲ್ಲಿ, ಅವನ ಮದುವೆಯ ಚಪ್ಪರ ಹಾಕಿದ್ದು ಅಲ್ಲಿ, ಇಬ್ಬರು ಮೊಮ್ಮಕ್ಕಳ ನಾಮಕರಣವಾದದ್ದೂ ಅಲ್ಲೇ. 2024ರ ಯುಗಾದಿ ಮುಗಿದ ಮಾರನೆಯ ವಾರ ಮನೆಯ ಓನರು ಬಂದರು. ಕಾಫಿ ಕುಡಿದು, ಲೋಟ ಕೆಳಗಿಟ್ಟು, "ಮೇಷ್ಟ್ರೇ, ಹಳೇ ಮನೆ ಕೆಡವಿ ಹೊಸದು ಕಟ್ಟಿಸೋಣ ಅಂತಿದ್ದಾರೆ ನಮ್ಮ ಮಕ್ಕಳು. ನಿಧಾನವಾಗಿ ಬೇರೆ ಮನೆ ನೋಡ್ಕೊಳ್ಳಿ, ನಾಲ್ಕು ತಿಂಗಳು ಟೈಮಿದೆ" ಎಂದರು. ಅವರು ಹೇಳಿದ ರೀತಿಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನಡುವೆ ಆಷಾಢ ಬರುತ್ತದಲ್ಲ! ಆಷಾಢದಲ್ಲಿ ಮನೆ ಬದಲಿಸುವ ರೂಢಿ ನಮ್ಮಲ್ಲಿಲ್ಲ. ಹಾಗಾಗಿ ನಮಗೆ ಉಳಿದದ್ದು ಎರಡೂವರೆ ತಿಂಗಳು.

ಮನೆ ಹುಡುಕುವುದು ಬೆಂಗಳೂರಿನಲ್ಲಿ ಹೊಸ ಕಷ್ಟವೇನಲ್ಲ. ನನ್ನ ಚಿಂತೆ ಬೇರೆಯೇ ಇತ್ತು. ನನ್ನ ಹೆಂಡತಿಗೆ ಗ್ಲಾಕೋಮಾ. ನೋವಿಲ್ಲದೆ, ಸದ್ದಿಲ್ಲದೆ ಕಣ್ಣಿನ ನರವನ್ನು ಹಾಳುಮಾಡುವ ಕಾಯಿಲೆ ಅದು. ಮೊದಲು ಹೋಗುವುದು ಅಕ್ಕಪಕ್ಕದ ನೋಟ. ಈಗ ಅವಳಿಗೆ ಕಾಣುವುದು ಕೊಳವೆಯೊಳಗಿಂದ ನೋಡಿದಷ್ಟು ಮಾತ್ರ. ಆದರೂ ಮಲ್ಲೇಶ್ವರದಲ್ಲಿ ಅವಳು ಒಬ್ಬಳೇ ಓಡಾಡುತ್ತಿದ್ದಳು. ಗೇಟಿನಿಂದ ಹೂವಿನವಳ ಬುಟ್ಟಿಗೆ 118 ಹೆಜ್ಜೆ. ಕಾಫಿಪುಡಿ ಹುರಿಯುವ ವಾಸನೆ ಬಂದರೆ ಬಲಕ್ಕೆ ತಿರುಗಬೇಕು. ಶಾಲೆಯ ಗಂಟೆ ಎಡಗಿವಿಗೆ ಕೇಳಿದರೆ ದೇವಸ್ಥಾನ ಬಂತು ಅಂತ ಲೆಕ್ಕ. ಇಪ್ಪತ್ತಾರು ವರ್ಷ ಕೂಡಿಸಿಟ್ಟ ಈ ಲೆಕ್ಕವೆಲ್ಲ ಒಂದೇ ದಿನದಲ್ಲಿ ಹೋಗಿಬಿಡುತ್ತದಲ್ಲ ಎಂಬುದೇ ನನ್ನ ಸಂಕಟ.

"ನಿನಗೆ ಎಲ್ಲಿ ಇಷ್ಟ?" ಎಂದು ಕೇಳಿದೆ.

"ಎಲ್ಲಾದ್ರೂ ಸರಿ ಕಣ್ರೀ" ಎಂದಳು. ನಾನು ಅಷ್ಟಕ್ಕೇ ಬಿಟ್ಟೆ. ಅದೇ ನನ್ನ ತಪ್ಪು. ಅದು ಗೊತ್ತಾದದ್ದು ಆಮೇಲೆ.

ಗೋಪುರದಾಚೆಯ ನಾಲ್ಕು ಊರು

ಮಗನ ಕೆಲಸ ದೇವನಹಳ್ಳಿಯ ವಿಮಾನ ನಿಲ್ದಾಣದ ಕಡೆ. ಸೊಸೆ ರಾಜಾಜಿನಗರದಲ್ಲಿ ಟೀಚರು. ಎಂಟನೇ ಕ್ಲಾಸಿನ ಮೊಮ್ಮಗಳ ಶಾಲೆ ಮಲ್ಲೇಶ್ವರದಲ್ಲಿ. ಮೂರನೇ ಕ್ಲಾಸಿನ ಮೊಮ್ಮಗನಿಗೆ ವಿಮಾನ ಕಾಣುವ ಊರಾದರೆ ಸಾಕು. ಹಾಗಾಗಿ ಉತ್ತರ ಬೆಂಗಳೂರಿನಲ್ಲೇ ನೋಡುವುದೆಂದಾಯಿತು. ಆರ್.ಟಿ. ನಗರ, ಹೆಬ್ಬಾಳ, ಯಲಹಂಕ, ಯಶವಂತಪುರ, ಈ ನಾಲ್ಕು ಹೆಸರು ಚೀಟಿಯಲ್ಲಿ ಉಳಿದವು.

ಮಕ್ಕಳೇ, ಮೇಖ್ರಿ ಸರ್ಕಲ್ ಹತ್ತಿರ ಒಂದು ಪುಟ್ಟ ಕಲ್ಲಿನ ಗೋಪುರವಿದೆ, ನೋಡಿದ್ದೀರಾ? ಕೆಂಪೇಗೌಡರ ಕಾಲದ ಊರಿನ ಎಲ್ಲೆ ಎಂದು ಹೇಳುವ ನಾಲ್ಕು ಗೋಪುರಗಳಲ್ಲಿ ಅದು ಉತ್ತರದ್ದು. ಉಳಿದವು ಲಾಲ್‌ಬಾಗ್‌ನಲ್ಲಿ, ಹಲಸೂರಿನ ಕೆರೆಯ ಬಳಿ, ಕೆಂಪಾಂಬುಧಿ ಕೆರೆಯ ಬಳಿ ಇವೆ. ನಾವು ಪಟ್ಟಿ ಮಾಡಿದ ನಾಲ್ಕೂ ಜಾಗಗಳು ಆ ಗೋಪುರದಿಂದ ಆಚೆಯವು. ಒಂದು ಕಾಲಕ್ಕೆ ಇವೆಲ್ಲ ಊರಾಚೆ ಎಂದರೆ ನನ್ನ ಮೊಮ್ಮಕ್ಕಳು ನಂಬಲಿಲ್ಲ. 2008ರಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋದ ಮೇಲಂತೂ ಬಳ್ಳಾರಿ ರಸ್ತೆಯ ಎರಡೂ ಕಡೆ ಊರು ಬೆಳೆಯುತ್ತಲೇ ಇದೆ.

ಮೊಮ್ಮಗಳು ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದಳು. ನೀರು, ಓಡಾಟ, ಆಸ್ಪತ್ರೆ, ಗಾಳಿ ಮತ್ತು ಶಾಂತಿ, ಬಾಡಿಗೆ ಎಂದು ಐದು ವಿಷಯ. ಒಂದೊಂದಕ್ಕೆ 10 ಮಾರ್ಕ್ಸ್, ಒಟ್ಟು 50. ಬೇಸಿಗೆ ರಜೆ ಬೇರೆ. ತಾತ ಮತ್ತು ಮೊಮ್ಮಕ್ಕಳ ಸವಾರಿ ಹೊರಟಿತು.

ಆರ್.ಟಿ. ನಗರ

ಗೋಪುರಕ್ಕೆ ಎಲ್ಲಕ್ಕಿಂತ ಹತ್ತಿರದ್ದು ಇದೇ. "ಆರ್.ಟಿ. ಅಂದ್ರೆ ಏನು ತಾತ?" ಎಂದು ಮೊಮ್ಮಗ ಕೇಳಿದ. ರವೀಂದ್ರನಾಥ ಟ್ಯಾಗೋರ್. ದಿನಾ ಶಾಲೆಯಲ್ಲಿ ಹಾಡುವ ರಾಷ್ಟ್ರಗೀತೆ ಬರೆದವರ ಹೆಸರಿನ ಬಡಾವಣೆ ಇದು ಎಂದಾಗ ಅವನಿಗೆ ಆಶ್ಚರ್ಯ. ದೊಡ್ಡ ರಸ್ತೆಯಲ್ಲಿ ಬೇಕಾದ ಅಂಗಡಿಗಳೆಲ್ಲ ಇವೆ, ಒಳಗಿನ ಅಡ್ಡರಸ್ತೆಗಳಲ್ಲಿ ಮರಗಳಿವೆ. ಸಂಜೆ ಹೊತ್ತು ಮಾತ್ರ ಗಾಡಿಗಳ ನಡುವೆ ಕಾಲಿಡಲು ಜಾಗ ಹುಡುಕಬೇಕು. ಮೆಟ್ರೊ ಇಲ್ಲ. ಸೊಸೆಗೂ ಮೊಮ್ಮಗಳಿಗೂ ಬಸ್ಸೇ ಗತಿ. 35 ಮಾರ್ಕ್ಸ್ ಬಿತ್ತು.

ಹೆಬ್ಬಾಳ

ಇಲ್ಲಿ ನಾನು ಮೇಷ್ಟ್ರಾದೆ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗೆಂದು ನೆಲ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಸುಮಾರು ಕ್ರಿ.ಶ. 750ರ, ಗಂಗರ ಶ್ರೀಪುರುಷನ ಕಾಲದ್ದು. ಕಿತ್ತಯ್ಯ ಎಂಬ ವೀರ ಊರಿಗಾಗಿ ಹೋರಾಡಿ ಮಡಿದದ್ದನ್ನು ಅದು ಹೇಳುತ್ತದೆ. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕ ಕನ್ನಡ ಶಾಸನಗಳಲ್ಲಿ ಅತ್ಯಂತ ಹಳೆಯದು ಎಂದು ಅದನ್ನು ಗುರುತಿಸುತ್ತಾರೆ. ಅದರಲ್ಲಿ ಈ ಸೀಮೆಯ ಹೆಸರು ‘ಪೆರ್ಬೊಳಲ್ ನಾಡು’. ಪೆರ್ ಎಂದರೆ ದೊಡ್ಡ, ಪೊಳಲ್ ಎಂದರೆ ಊರು. ಹಳಗನ್ನಡದ ‘ಪಾಲು’ ನಮ್ಮ ಬಾಯಲ್ಲಿ ‘ಹಾಲು’ ಆದ ಹಾಗೆ ‘ಪೆರ್’ ಎಂಬುದು ‘ಹೆ’ ಆಯಿತು. ಹೆಬ್ಬಾಗಿಲು, ಹೆದ್ದಾರಿ ಎನ್ನುತ್ತೇವಲ್ಲ, ಹಾಗೆ.

ಕೆರೆಯಲ್ಲಿ ಹೆಜ್ಜಾರ್ಲೆಗಳು ತೇಲುತ್ತಿದ್ದವು. ವಿಮಾನ ನಿಲ್ದಾಣದ ಬಸ್ಸುಗಳು ಇಲ್ಲಿಂದಲೇ ಹೋಗುತ್ತವೆ, ಮಗನಿಗೆ ಅನುಕೂಲ. ಆಸ್ಪತ್ರೆಗಳೂ ಹತ್ತಿರ. ಆದರೆ 2003ರಲ್ಲಿ ಶುರುವಾದ ಆ ದೊಡ್ಡ ಮೇಲ್ಸೇತುವೆಯ ಕೆಳಗೆ, ಮೆಟ್ರೊ ಕೆಲಸದ ತಗಡಿನ ತಡಿಕೆಗಳ ನಡುವೆ, ರಸ್ತೆ ದಾಟಲು ನಾವು ಮೂವರೂ ಕೈಕೈ ಹಿಡಿದು ಬಹಳ ಹೊತ್ತು ನಿಂತೆವು. ಒಳಗಿನ ಬೀದಿಗಳು ತಣ್ಣಗಿವೆ, ನಿಜ. ಆದರೆ ಆ ಬೀದಿಯಿಂದ ಈಚೆಗೆ ಬರಬೇಕಲ್ಲ! 30 ಮಾರ್ಕ್ಸ್.

ಯಲಹಂಕ

ಇದು ಬೆಂಗಳೂರಿಗೇ ಅಜ್ಜಿಯ ಊರು. 1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರು ಯಲಹಂಕ ನಾಡಪ್ರಭುಗಳು. ಹಳೇ ಊರಿನ ಪಕ್ಕದಲ್ಲಿ ಗೃಹಮಂಡಳಿ ಮಾಡಿದ ಉಪನಗರವಿದೆ. ಅಗಲವಾದ ರಸ್ತೆ, ಸಾಲಾಗಿ ಮನೆ, ಅಲ್ಲಲ್ಲಿ ಪಾರ್ಕು. ಪುಟ್ಟೇನಹಳ್ಳಿ ಕೆರೆಯಲ್ಲಿ ಹಕ್ಕಿಗಳು. 1984ರಿಂದ ರೈಲಿನ ಗಾಲಿ ತಯಾರಿಸುತ್ತಿರುವ ಕಾರ್ಖಾನೆ ಇಲ್ಲಿದೆ. ವಾಯುಪಡೆಯ ನೆಲೆಯೂ ಇಲ್ಲೇ. 1996ರಿಂದ ಏರೋ ಇಂಡಿಯಾ ಪ್ರದರ್ಶನ ನಡೆಯುವುದು ಆ ನೆಲೆಯಲ್ಲಿ. ಮೊಮ್ಮಗ ಐದು ವಿಷಯಕ್ಕೂ ಹತ್ತು ಹತ್ತು ಹಾಕಲು ಪೆನ್ಸಿಲ್ ಕಿತ್ತುಕೊಂಡ.

ಬಾಡಿಗೆಯೂ ನಮ್ಮ ಕೈಗೆಟುಕುವಂತಿತ್ತು. ‘ಇಷ್ಟು ಶಾಂತವಾದ ಬೀದಿ, ಗಾಡಿಗಳ ಕಾಟವಿಲ್ಲ, ಇವಳಿಗೆ ಇದೇ ಸರಿ’ ಎಂದುಕೊಂಡೆ. ಸೊಸೆಗೂ ಮೊಮ್ಮಗಳಿಗೂ ದೂರವಾಗುತ್ತಿತ್ತು. ಮೊಮ್ಮಗಳು ಶಾಲೆ ಬದಲಿಸಬೇಕಾಗಬಹುದು ಎಂದಾಗ ತಲೆ ತಗ್ಗಿಸಿ, "ಅಜ್ಜಿಗೋಸ್ಕರ ಪರವಾಗಿಲ್ಲ" ಎಂದಳು. 41 ಮಾರ್ಕ್ಸ್, ಮೊದಲ ರ‍್ಯಾಂಕ್.

ಯಶವಂತಪುರ

ರೈಲು ಜಂಕ್ಷನ್ನು, ತುಮಕೂರು ರಸ್ತೆಯ ಲಾರಿಗಳು, ಎಪಿಎಂಸಿ ಯಾರ್ಡಿನ ಈರುಳ್ಳಿ ಬೆಳ್ಳುಳ್ಳಿ ಮೂಟೆಗಳು. ಗದ್ದಲ, ಧೂಳು ಎರಡಕ್ಕೂ ಬರವಿಲ್ಲ. ಆದರೆ 2014ರ ಮಾರ್ಚ್‌ನಿಂದ ಇಲ್ಲಿ ಮೆಟ್ರೊ ಇದೆ. ಮುಂದಿನ ನಿಲ್ದಾಣ ಸ್ಯಾಂಡಲ್ ಸೋಪ್ ಫ್ಯಾಕ್ಟರಿ, ಆಮೇಲೆ ಮಹಾಲಕ್ಷ್ಮಿ, ರಾಜಾಜಿನಗರ. ಸೊಸೆ ಅಲ್ಲಿ ಇಳಿದರೆ, ಮೊಮ್ಮಗಳು ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಇಳಿಯಬಹುದು. ನಾನು ಮಾತ್ರ ‘ಶಾಂತಿ’ಯ ಕಾಲಂನಲ್ಲಿ ಮೂರೇ ಮಾರ್ಕ್ಸ್ ಕೊಟ್ಟೆ. ಒಟ್ಟು 36.

ನೀರಿನ ಮಾತು ನಾಲ್ಕೂ ಕಡೆ ಒಂದೇ. ಆ ಬೇಸಿಗೆ ನೆನಪಿದೆಯಲ್ಲ, ಊರಿಗೆ ಊರೇ ಟ್ಯಾಂಕರ್ ಹಿಂದೆ ಓಡಿದ ಬೇಸಿಗೆ. ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿಸಿಕೊಂಡು ಬರುವ ಕಾವೇರಿ ನೀರು ಒಂದು ಬೀದಿಗೆ ಬಂದರೆ ಪಕ್ಕದ ಬೀದಿಗೆ ನಾಳೆ. ಬಡಾವಣೆಯ ಹೆಸರು ಕೇಳಿ ನೀರಿನ ಲೆಕ್ಕ ಹಾಕಲಾಗದು, ಬೀದಿಯಲ್ಲಿ ಬಿಂದಿಗೆ ತೊಳೆಯುವವರನ್ನೇ ಕೇಳಬೇಕು ಎಂಬ ಪಾಠ ಕಲಿತೆವು.

ಅಜ್ಜಿ ಹಾಕಿದ ಕಾಲಂ

ಅಡ್ವಾನ್ಸ್ ಕೊಡುವ ಮುಂಚೆ ಯಲಹಂಕದ ಮನೆ ತೋರಿಸಲು ಅವಳನ್ನು ಕರೆದುಕೊಂಡು ಹೋದೆವು. ಮಧ್ಯಾಹ್ನ ಮೂರು ಗಂಟೆ. ಗೇಟಿನ ಮುಂದೆ ನಿಂತು ಕಿವಿಗೊಟ್ಟಳು.

"ಇಲ್ಲಿ ಯಾರೂ ಇಲ್ವಾ?"

"ಎಷ್ಟು ಶಾಂತವಾಗಿದೆ ನೋಡು ಅಜ್ಜಿ" ಎಂದಳು ಮೊಮ್ಮಗಳು.

ಪಾರ್ಕಿನವರೆಗೆ ನಡೆದು ವಾಪಸ್ ಬಂದೆವು. "ನಮ್ಮ ಗೇಟ್ ಯಾವುದು ಹೇಳು" ಎಂದು ಮೊಮ್ಮಗ ಆಟಕ್ಕೆ ಕೇಳಿದ. ಅವಳು ತೋರಿಸಿದ್ದು ನಾಲ್ಕು ಮನೆ ಆಚೆಯ ಗೇಟು. ಮಕ್ಕಳು ನಕ್ಕರು, ಅವಳೂ ನಕ್ಕಳು. ಮನೆಗೆ ಬರುವವರೆಗೆ ಮಾತಿಲ್ಲ.

ರಾತ್ರಿ ಊಟವಾದ ಮೇಲೆ, ಎಲ್ಲರೂ ಕೂತಿದ್ದಾಗ ಹೇಳಿದಳು: "ಪಾರ್ಕಿಗೆ ಹತ್ತು ಮಾರ್ಕ್ಸ್ ಕೊಟ್ಟಿದ್ದೀರಿ. ನಾನು ಒಬ್ಬಳೇ ಪಾರ್ಕಿಗೆ ಹೇಗೆ ಹೋಗಲಿ ಅಂತ ಯಾರಾದ್ರೂ ಯೋಚನೆ ಮಾಡಿದ್ರಾ? ಎಲ್ಲ ರಸ್ತೆ ಒಂದೇ ಥರ, ಎಲ್ಲ ಗೇಟು ಒಂದೇ ಥರ. ಒಂದು ಸದ್ದಿಲ್ಲ, ಒಂದು ವಾಸನೆ ಇಲ್ಲ. ಕಣ್ಣಿದ್ದವರಿಗೆ ಅದು ಶಾಂತಿ. ನನಗೆ ಅದು ಕತ್ತಲೆ ಕಣ್ರೀ."

ನಾನು ಏನೂ ಹೇಳಲಾಗದೆ ಕೂತೆ. ‘ಅವಳಿಗಾಗಿ, ಅವಳಿಗಾಗಿ’ ಎಂದು ಒಂದು ತಿಂಗಳಿಂದ ಓಡಾಡಿದ್ದೆ. ಅವಳನ್ನು ಕೇಳಿದ್ದು ಒಂದೇ ಸಲ, ಅದೂ ಉತ್ತರಕ್ಕೆ ಕಾಯದೆ. ಮೊಮ್ಮಗಳು ಮೆಲ್ಲನೆ ನೋಟ್‌ಬುಕ್ಕು ತೆಗೆದು ಆರನೆಯ ಕಾಲಂ ಎಳೆದು ಬರೆದಳು: ‘ಅಜ್ಜಿ ಒಬ್ಬಳೇ’.

ಮರುದಿನದಿಂದ ಅವಳನ್ನು ಮುಂದಿಟ್ಟುಕೊಂಡು ಮತ್ತೆ ಸುತ್ತಿದೆವು. ಆರ್.ಟಿ. ನಗರ ಅವಳಿಗೆ ಒಪ್ಪಿಗೆಯಾಯಿತು, ಆದರೆ ಮೂರು ತಿಂಗಳಿಗೊಮ್ಮೆ ಮಿಂಟೋ ಕಣ್ಣಾಸ್ಪತ್ರೆಗೆ ಹೋಗಲು ಎರಡು ಬಸ್ಸು ಹತ್ತಬೇಕಿತ್ತು. ಯಶವಂತಪುರದಲ್ಲಿ, ದೊಡ್ಡ ರಸ್ತೆಯಿಂದ ಒಳಗಿನ ಒಂದು ಅಡ್ಡರಸ್ತೆಯಲ್ಲಿ ನೋಡಿದ್ದ ಮನೆಯ ಮುಂದೆ ನಿಲ್ಲಿಸಿದೆವು. ಒಂದು ಗಂಟೆ ಅಲ್ಲೇ ಓಡಾಡಿದಳು. ಮೂಲೆಯಲ್ಲಿ ಹೋಟೆಲಿನ ಸಾಂಬಾರಿನ ವಾಸನೆ, ಎದುರಿಗೆ ಹಿಟ್ಟಿನ ಗಿರಣಿಯ ಸದ್ದು, ಬೆನ್ನ ಹಿಂದೆ ರೈಲಿನ ಕೂಗು, ಎಡಕ್ಕೆ ದೇವಸ್ಥಾನದ ಗಂಟೆ. "ಗಿರಣಿ ದಾಟಿ ಮೂರನೇ ಗೇಟು ನಮ್ಮದು" ಎಂದಳು. ಸರಿಯಾಗಿತ್ತು.

ಮೆಟ್ರೊ ನಿಲ್ದಾಣದಲ್ಲಿ ಇನ್ನೊಂದು ಸಂಗತಿ. ನೆಲದ ಮೇಲೆ ಉಬ್ಬಿದ ಹಳದಿ ಟೈಲ್ಸಿನ ಸಾಲು ಇರುತ್ತದಲ್ಲ, ಅದು ಚೆಂದಕ್ಕೆ ಹಾಕಿದ್ದೆಂದೇ ನಾನು ತಿಳಿದಿದ್ದೆ. ಉದ್ದ ಗೆರೆ ಕಾಲಿಗೆ ಸಿಕ್ಕರೆ ‘ನಡೆ’ ಎಂದರ್ಥ. ಗುಂಡು ಗುಂಡಾಗಿದ್ದರೆ ‘ನಿಲ್ಲು, ಮುಂದೆ ಹುಷಾರು’ ಎಂದರ್ಥ. ಜಪಾನಿನ ಸೈಇಚಿ ಮಿಯಾಕೆ ಎಂಬವರು ಕಣ್ಣು ಕಾಣದವರಿಗಾಗಿ ಕಂಡುಹಿಡಿದದ್ದು ಅದು. ಮೊದಲು ಹಾಕಿದ್ದು 1967ರಲ್ಲಿ, ಒಕಾಯಾಮ ನಗರದ ಅಂಧರ ಶಾಲೆಯೊಂದರ ಹತ್ತಿರದ ರಸ್ತೆಯಲ್ಲಿ. ಅಲ್ಲಿ ಹುಟ್ಟಿದ ಆ ಗೆರೆ ಇಲ್ಲಿ ನಮ್ಮವಳ ಚಪ್ಪಲಿಗೆ ದಾರಿ ಹೇಳಿತು. ಅದೇ ರೈಲು ಸೀದಾ ಕೆ.ಆರ್. ಮಾರ್ಕೆಟ್‌ಗೆ ಹೋಗುತ್ತದೆ. ಅಲ್ಲಿಂದ ಮಿಂಟೋ ಆಸ್ಪತ್ರೆ ಹತ್ತಿರ.

ಮಗ ದೂರ ಓಡಾಡಲು ಒಪ್ಪಿದ. ಈಗ ಬೆಳಿಗ್ಗೆ ಆರೂ ಮುಕ್ಕಾಲಿಗೇ ಹೊರಡುತ್ತಾನೆ. ಜೂನ್ ಕೊನೆಯಲ್ಲಿ ಹೊಸ ಮನೆಯಲ್ಲಿ ಹಾಲುಕ್ಕಿಸಿದೆವು. ಮೊಮ್ಮಗನಿಗೆ ಕೊಟ್ಟ ಮಾತಿನಂತೆ 2025ರ ಫೆಬ್ರುವರಿಯಲ್ಲಿ ಯಲಹಂಕಕ್ಕೆ ಕರೆದುಕೊಂಡು ಹೋಗಿ ಏರೋ ಇಂಡಿಯಾದ ವಿಮಾನಗಳನ್ನು ರಸ್ತೆಬದಿಯಿಂದಲೇ ತೋರಿಸಿದೆ.

ಎಲ್ಲವೂ ಸುಲಭವಾಯಿತು ಎನ್ನಲಾರೆ. ಕಿಟಕಿ ಎಷ್ಟು ಒರೆಸಿದರೂ ಧೂಳು. ಬಂದ ಎರಡನೆಯ ವಾರ ಒಂದು ದಿನ ಹೋಟೆಲಿಗೆ ರಜೆ. ಸಾಂಬಾರಿನ ವಾಸನೆ ಇಲ್ಲದೆ ಇವಳಿಗೆ ತಿರುವು ತಪ್ಪಿತು. ಗಾಬರಿಯಾಗಿ ನಿಂತಲ್ಲೇ ನಿಂತಳಂತೆ. ಗಿರಣಿಯ ಹೆಣ್ಣುಮಗಳು ನೋಡಿ ಕೈ ಹಿಡಿದು ಮನೆಗೆ ತಂದುಬಿಟ್ಟರು. ಯಾರೂ ಇಲ್ಲದ ಬೀದಿಯಾಗಿದ್ದರೆ ಏನಾಗುತ್ತಿತ್ತು ಎಂದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಒಂದು ಅನುಮಾನ ಮಾತ್ರ ನನ್ನಲ್ಲಿ ಉಳಿದಿದೆ. ಮೊಮ್ಮಗಳ ಶಾಲೆ ತಪ್ಪಬಾರದೆಂದೇ ಇವಳು ಯಶವಂತಪುರ ಎಂದಳೇ? ಮೊನ್ನೆ ಕೇಳಿಯೇಬಿಟ್ಟೆ.

"ರಾಗಿಹಿಟ್ಟು ಮುಗಿದಿದೆ, ಗಿರಣಿಗೆ ಹೋಗಿ ಬರ್ತೀನಿ" ಎಂದು ಚೀಲ ತೆಗೆದುಕೊಂಡು ಹೊರಟಳು. ಒಬ್ಬಳೇ.

ನಮ್ಮ ನೋಟ್‌ಬುಕ್ಕಿನಿಂದ

• ಒಂದೇ ಮನೆಯನ್ನು ಮೂರು ಹೊತ್ತು ನೋಡಿ: ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಮೂರಕ್ಕೆ, ಸಂಜೆ ಏಳಕ್ಕೆ.

• ನೀರು ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಬ್ರೋಕರನ್ನಲ್ಲ, ಎದುರುಮನೆಯವರನ್ನು ಕೇಳಿ.

• ಮನೆಯಿಂದ ಬಸ್‌ಸ್ಟಾಪಿಗೆ, ಔಷಧಿ ಅಂಗಡಿಗೆ ಗಾಡಿ ಬಿಟ್ಟು ನಡೆದು ನೋಡಿ. ರಸ್ತೆ ಎಲ್ಲಿ ದಾಟಬೇಕು ಎಂಬುದನ್ನು ಗಮನಿಸಿ.

• ಮಕ್ಕಳೇ, ಅಜ್ಜಿ ತಾತ "ಎಲ್ಲಾದ್ರೂ ಸರಿ" ಎಂದರೆ ಅದನ್ನು ಉತ್ತರ ಎಂದುಕೊಳ್ಳಬೇಡಿ. ಕರೆದುಕೊಂಡು ಹೋಗಿ ತೋರಿಸಿ, ಇನ್ನೊಮ್ಮೆ ಕೇಳಿ.

• ನಲವತ್ತು ದಾಟಿದವರು ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಿ. ಗ್ಲಾಕೋಮಾದಲ್ಲಿ ಹೋದ ನೋಟ ಮರಳಿ ಬಾರದು. ಬೇಗ ಗೊತ್ತಾದರೆ ಇರುವ ನೋಟವನ್ನು ಉಳಿಸಿಕೊಳ್ಳಬಹುದು.